ಅಕ್ಕನ ತೋಪು, ನಾನು ಕಿತ್ತ ಗೂಟಗಳು

ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯ ಹಿಂದೆ ಇರುವ ತೋಪಿನಲ್ಲಿ ಹೆಚ್ಚಿನ ಮರಗಳಿಗೆ ಒಂದೇ ಕಾಂಡವಿಲ್ಲ. ಬುಡದಿಂದಲೇ ಮೂರೋ ನಾಲ್ಕೋ ಆಗಿ ಎದ್ದಿವೆ. ಹೊಂಗೆ ಹಾಗಿದೆ, ನೇರಳೆ ಹಾಗಿದೆ, ಹಿಪ್ಪೆಯೂ ಹಾಗೆಯೇ. ಪರವೂರಿನವರು ಬಂದಾಗ ಇದು ಇಲ್ಲಿನ ಮಣ್ಣಿನ ಗುಣವೇ ಎಂದು ಕೇಳುತ್ತಾರೆ. ನಮ್ಮವರು ಹೌದು ಅನ್ನುತ್ತಾರೆ. ಮಣ್ಣಿನ ಗುಣವಲ್ಲ, ಅದು ನನ್ನ ಕೈ ಮಾಡಿದ ಕೆಲಸ. ಓದಿದ್ದು ಮೂರನೇ ಕ್ಲಾಸು, ಬರೆಯುವುದು ನನಗೆ ಸುಲಭವಲ್ಲ. ಆದರೂ ಇದನ್ನು ನಾನೇ ಬರೆಯಬೇಕು.

ಐವತ್ತರ ದಶಕದ ಕೊನೆಯ ಮಾತು. ಆಗ ಅಲ್ಲಿ ತೋಪಿರಲಿಲ್ಲ, ಒಂದು ಹಳ್ಳವಿತ್ತು. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ರೇಷ್ಮೆಗೂಡನ್ನು ಕುದಿಯುವ ನೀರಿಗೆ ಹಾಕಿ, ಎಳೆ ಹಿಡಿದು, ಚರಕಕ್ಕೆ ಸುತ್ತುವ ಕೆಲಸ. ಬೇಯಿಸಿದ ನೀರು, ಗೂಡಿನೊಳಗಿನ ಸತ್ತ ಹುಳು, ಒಲೆಯ ಬೂದಿ ಎಲ್ಲವೂ ಆ ಹಳ್ಳಕ್ಕೆ ಹೋಗುತ್ತಿದ್ದವು. ಬೀದಿಯ ಎಲ್ಲ ಚರಕದ ಮನೆಗಳದ್ದೂ ಅದೇ ಕಥೆ. ಊರಿಗೆ ಬರುವ ನೆಂಟರು ವಾಸನೆ ಹಿಡಿದೇ ನಮ್ಮ ಬೀದಿ ಹುಡುಕಬಹುದಿತ್ತು. ಮರವೆಂಬುದು ಕಣ್ಣಿಗೆ ಬೀಳುತ್ತಿರಲಿಲ್ಲ. ಇದ್ದಬದ್ದ ಮರಗಳನ್ನೆಲ್ಲ ನಮ್ಮ ಒಲೆಗಳೇ ತಿಂದು, ಸೌದೆಗೆ ಮಂಡಿಕಲ್ ಕಡೆಯಿಂದ ಗಾಡಿ ಬರುವುದನ್ನು ಕಾಯಬೇಕಾಗಿತ್ತು.

ಅಪ್ಪನಿಗೆ ಕಣ್ಣು ಕಾಣದಾದ ಮೇಲೆ ಚರಕದ ಮನೆ ನನ್ನ ಕೈಗೆ ಬಂತು. ಅಕ್ಕ ನನಗಿಂತ ದೊಡ್ಡವಳು. ಭಾವ ಬಸ್ಸಿನ ಕಂಡಕ್ಟರು. ಅವರ ಬಸ್ಸು ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬಂದು, ಶಿಡ್ಲಘಟ್ಟ ಹಾದು ಚಿಂತಾಮಣಿಗೆ ಹೋಗುತ್ತಿತ್ತು. ಸಂಜೆ ತಿರುಗಿ ಬಂದು ರಾತ್ರಿ ನಮ್ಮೂರಲ್ಲೇ ನಿಲ್ಲುತ್ತಿದ್ದುದರಿಂದ ಅಕ್ಕ ಭಾವ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು. ಅಕ್ಕನೂ ಒಲೆಯ ಮುಂದೆ ಕೂತು ಎಳೆ ಹಿಡಿಯುತ್ತಿದ್ದಳು.

ಕೆಲಸಕ್ಕೆ ಬರುವ ಹೆಂಗಸರಲ್ಲಿ ಎಳೆ ಕೂಸಿನ ತಾಯಂದಿರು ಇರುತ್ತಿದ್ದರು. ಅವರು ಚರಕದ ಮನೆಯ ತೊಲೆಗೇ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುತ್ತಿದ್ದರು. ಕೆಳಗೆ ಒಲೆ, ನಡುವೆ ಆವಿ, ಮೇಲೆ ಕೂಸು. ಕೂಸುಗಳು ಇಡೀ ದಿನ ಕೆಮ್ಮುತ್ತಿದ್ದವು. ನಮಗೆ ಆ ಕೆಮ್ಮು ಚರಕದ ಸದ್ದಿನ ಹಾಗೆ ರೂಢಿಯಾಗಿತ್ತು. ಅಕ್ಕನಿಗೆ ಆಗಲಿಲ್ಲ.

"ಈ ಜೋಲಿಗಳ್ನ ಆಚೆ ಒಂದು ಕೊಂಬೆಗೆ ಕಟ್ಟೋಣ ಅಂದ್ರೆ, ಇಡೀ ಬೀದೀಲಿ ಒಂದು ಕೊಂಬೆ ಇಲ್ವಲ್ಲೋ" ಎಂದಳು ಒಂದು ದಿನ. "ಹಳ್ಳದಾಗೆ ಮರ ಹಾಕ್ತೀನಿ."

"ಆ ಗಬ್ಬಿನಾಗಾ?" ಎಂದೆ.

"ಗಬ್ಬು ನಿನಗೆ ಕಣೋ. ಗಿಡಕ್ಕೆ ಅದು ಗೊಬ್ಬರ."

ಹಳ್ಳ ಮುನಿಸಿಪಾಲಿಟಿಯದು. ನಮ್ಮ ವಾರ್ಡಿನ ಮೆಂಬರು ಗೂಡಿನ ವ್ಯಾಪಾರಿ. ಹಳ್ಳ ಮುಚ್ಚಿಸಿ ಗೂಡು ತುಂಬಿಡುವ ಗೋಡೌನು ಕಟ್ಟಿಸಬೇಕೆಂದು ಅವರು ಆಗಲೇ ಹೇಳುತ್ತಿದ್ದರು. ಅಕ್ಕ ಕೆಲಸದ ಹೆಂಗಸರನ್ನೆಲ್ಲ ಕರೆದುಕೊಂಡು ಅವರ ಮನೆಯ ಜಗಲಿಯ ಮುಂದೆ ಹೋಗಿ ನಿಂತಳು. ಮೆಂಬರು ಕೆಟ್ಟವರಲ್ಲ, ಆದರೆ ತಮಾಷೆಯ ಮನುಷ್ಯ.

"ಆಗ್ಲಮ್ಮ, ಹಾಕು. ನಾಲ್ಕನೇ ಯುಗಾದಿಗೆ ನಾನೇ ಬರ್ತೀನಿ. ಮಟಮಟ ಮಧ್ಯಾಹ್ನ. ಪೇಟ ತೆಗೆದು ನಿಂತ್ಕೋತೀನಿ. ನನ್ನ ಬೋಳುತಲೆಗೆ ಬಿಸಿಲು ಬೀಳ್ಲಿಲ್ಲ ಅಂದ್ರೆ ಜಾಗ ನಿಮ್ದು. ಬಿದ್ರೆ ಗೋಡೌನು" ಎಂದರು.

ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಅಕ್ಕ ನಗಲಿಲ್ಲ. "ಮಾತು ಮಾತೇನಪ್ಪಾ?" ಎಂದು ಕೇಳಿ, ಅವರಿಂದ ಹೂಂ ಅನ್ನಿಸಿಕೊಂಡೇ ಬಂದಳು.

ಮೊದಲನೇ ಮಳೆಗಾಲದ ಗಿಡಗಳು ಸತ್ತವು. ರಸ್ತೆ ಬದಿಯಲ್ಲಿ ನೆಡುವ ಹಾಗೆ ದೂರದೂರಕ್ಕೆ ಗುಣಿ ತೋಡಿ, ಗುಣಿಗೊಂದರಂತೆ ಕೆಂಪು ಹೂವಿನ ಸೀಮೆ ಗಿಡಗಳನ್ನು ನೆಟ್ಟಿದ್ದೆವು. ಬೇಸಿಗೆಯಲ್ಲಿ ಒಂದೊಂದೇ ಒಣಗಿ ಕಡ್ಡಿಯಾದವು. ಮೆಂಬರು ಆ ದಾರಿಯಲ್ಲಿ ಹೋಗುವಾಗ ಪೇಟ ಸರಿಮಾಡಿಕೊಳ್ಳುತ್ತಿದ್ದರು.

ಅಕ್ಕ ಒಂದು ದಿನ ಭಾವನ ಬಸ್ಸು ಹತ್ತಿ ಕಳವಾರದ ಗುಡ್ಡದ ಕಾಡಿಗೆ ಹೋಗಿ ಬಂದಳು. ಬಂದವಳು ಮುಖ ತೊಳೆಯುವ ಮುಂಚೆಯೇ ಹೇಳಿದಳು: "ಅಲ್ಲಿ ಯಾರು ಹಗ್ಗ ಹಿಡಿದು ಅಳತೆ ಮಾಡಿ ನೆಟ್ಟವ್ರೆ? ದೊಡ್ಡದು ಚಿಕ್ಕದು ಬಳ್ಳಿ ಪೊದೆ ಎಲ್ಲಾ ಒಂದ್ರ ಮೇಲೊಂದು ಬಿದ್ಕೊಂಡು ಬೆಳೆದೈತೆ. ಬುಡದಾಗೆ ಬಿಸಿಲೇ ಬೀಳಲ್ಲ, ಮಣ್ಣು ತಣ್ಣಗೈತೆ. ನಾವು ಒಂಟಿ ಮಾಡಿ ಸಾಯಿಸಿದ್ವಿ."

ಅಲ್ಲಿಂದ ಭಾವನಿಗೆ ಕೆಲಸ ಶುರುವಾಯಿತು. ಬಸ್ಸಿನ ಮೇಲೆ ಟೊಮೇಟೊ ಕುಕ್ಕೆ, ಕೋಳಿ ಪಂಜರಗಳ ನಡುವೆ ಗಿಡದ ಬುಟ್ಟಿಗಳು ಬರತೊಡಗಿದವು. ಕಳವಾರದಿಂದ ಮುತ್ತುಗ, ಕಕ್ಕೆ. ಚಿಂತಾಮಣಿ ಕಡೆಯಿಂದ ಹಿಪ್ಪೆ ಬೀಜ. ಗೌರಿಬಿದನೂರಿನ ಹೊಳೆದಂಡೆಯಿಂದ ಹೊಂಗೆ, ನೇರಳೆ. ಮುದ್ದೇನಹಳ್ಳಿಯ ಹತ್ತಿರ ಯಾರದೋ ಹೊಲದ ಬದುವಿನಿಂದ ಬಾಗೆ. ಚಿಂತಾಮಣಿಯ ಪ್ರಯಾಣಿಕರೊಬ್ಬರು ಭಾವನನ್ನು ತೆಲುಗಿನಲ್ಲೇ ಕೇಳಿದ್ದರಂತೆ: "ಏಮಯ್ಯಾ ಕಂಡಕ್ಟರೂ, ಈ ಚೆಟ್ಲಕಿ ಟಿಕೆಟ್ ಇಚ್ಚಾವಾ?" ಭಾವ, "ಗಿಡಗಳಿಗೆ ಅರ್ಧ ಟಿಕೇಟು ಸ್ವಾಮಿ, ಇನ್ನೂ ಮಕ್ಕಳು" ಎಂದಿದ್ದರಂತೆ. ಇದನ್ನು ಊಟಕ್ಕೆ ಕೂತಾಗಲೆಲ್ಲ ಹೇಳಿ ತಾವೇ ನಗುತ್ತಿದ್ದರು.

ಎರಡನೇ ಮಳೆಗಾಲದಲ್ಲಿ ಅಕ್ಕ ಎಲ್ಲವನ್ನೂ ಒತ್ತೊತ್ತಾಗಿ, ಬೆರಕೆಯಾಗಿ ನೆಡಿಸಿದಳು. ನಡುನಡುವೆ ಬೀಜ ಚೆಲ್ಲಿದಳು. ಬೇಸಿಗೆಯಲ್ಲಿ ನೀರು ಹೊತ್ತವರಲ್ಲಿ ಮೊದಲನೆಯವರು ಬೂಬಮ್ಮ. ಹಳ್ಳದ ಆಚೆ ಬದಿಯ ಓಣಿಯಲ್ಲಿ ಅವರ ಮನೆ. ಅವರ ಗಂಡ ನಮ್ಮಲ್ಲಿ ಚರಕ ತಿರುಗಿಸುತ್ತಿದ್ದರು, ಇವರು ಮನೆಯಲ್ಲಿ ಮೇಕೆ ಸಾಕಿದ್ದರು. ಬೀದಿಯವರೆಲ್ಲ ಬೂಬಮ್ಮ ಎಂದೇ ಕರೆಯುತ್ತಿದ್ದರು. ಒಲೆಯ ಮೇಲಿಂದ ಇಳಿಸಿ ಆರಿಸಿದ ನೀರನ್ನು ಅಕ್ಕನೂ ಅವರೂ ಬಿಂದಿಗೆಯಲ್ಲಿ ಹೊತ್ತು ಸುರಿಯುತ್ತಿದ್ದರು.

"ನನ್ನ ಮೇಕೆಗೆ ಊಟ ಬೆಳೀತಾ ಇದೀಯಾ ಬೇಟಿ" ಎಂದು ಬೂಬಮ್ಮ ಛೇಡಿಸುತ್ತಿದ್ದರು.

"ಬೇಲಿ ದಾಟ್ಲಿ ನೋಡಣ, ಬಿರಿಯಾನಿ ಮಾಡ್ಬಿಡ್ತೀನಿ" ಎಂದು ಅಕ್ಕ.

"ಅರೆ, ನೀನು ತಿನ್ನೋದೇ ಇಲ್ಲ, ಮಾಡೋದೇನು!"

ಬೇಲಿಯನ್ನು ನಾನೇ ಕಟ್ಟಿದ್ದೆ. ಜಾಲಿಮರದ ದಪ್ಪ ಗೂಟ ಹೂತು, ನಡುವೆ ಮುಳ್ಳು ಹೆಣೆದಿದ್ದೆ. ಇಬ್ಬರೂ ಅದನ್ನು ಅಲ್ಲಾಡಿಸಿ ನೋಡಿ ಭೇಷ್ ಅಂದಿದ್ದರು. ಮೂರನೇ ಮಳೆಗಾಲ ಮುಗಿಯುವ ಹೊತ್ತಿಗೆ ಗಿಡಗಳು ಎದೆಮಟ್ಟ ಬಂದವು. ಕಾಲಿಟ್ಟರೆ ನೆಲ ಕಾಣುತ್ತಿರಲಿಲ್ಲ.

ಆ ವರ್ಷ ಕಾರ್ತೀಕದಲ್ಲಿ ಗೌರಿಬಿದನೂರಿನಿಂದ ಅಕ್ಕನ ಅತ್ತೆಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಅಕ್ಕ ಹೊರಟಳು. ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಬೇಲಿ ಕಡೆ ಒಂದು ಕಣ್ಣಿರ್ಲಪ್ಪಾ" ಎಂದಳು. ಆಯಿತು ಎಂದೆ.

ಅವಳು ಹೋದ ಮಾರನೆಯ ದಿನ ಜಡಿಮಳೆ ಹಿಡಿಯಿತು. ನಮ್ಮ ಸೀಮೆಗೆ ಮಳೆ ಬರುವುದೇ ಅಪರೂಪ, ಬಂದದ್ದನ್ನು ಬೇಡ ಅನ್ನಬಾರದು. ಆದರೆ ಗೂಡು ಕೊಂಡಿಟ್ಟವನಿಗೆ ಆ ಮಳೆ ಶತ್ರು. ಗೂಡನ್ನು ಬಿಸಿಲಿಗೆ ಹರವಿ ಒಳಗಿನ ಹುಳುವನ್ನು ಸಾಯಿಸಬೇಕು, ಇಲ್ಲವೇ ಕೂಡಲೇ ಬೇಯಿಸಿ ನೂಲು ತೆಗೆಯಬೇಕು. ಎರಡೂ ಮಾಡದಿದ್ದರೆ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹಾರಿಹೋಗುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬರುವುದಿಲ್ಲ. ನನ್ನ ಮನೆಯ ತುಂಬ ಗೂಡು. ಬಿಸಿಲಿಲ್ಲ. ಸೌದೆ ಮುಗಿದಿತ್ತು, ಮಂಡಿಕಲ್ ಗಾಡಿ ಕೆಸರಿನಲ್ಲಿ ಎಲ್ಲೋ ಹೂತಿತ್ತು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಹುಳು ಮಿಸುಕುವುದು ಗೊತ್ತಾಗುತ್ತಿತ್ತು.

ಮಧ್ಯಾಹ್ನ ಮಳೆ ಸುರಿಯುತ್ತಿರುವಾಗ ಗೋಣಿಚೀಲ ತಲೆಗೆ ಹಾಕಿಕೊಂಡು ಹಳ್ಳಕ್ಕೆ ಹೋದೆ. ಓಣಿಯ ಕಡೆಯ ಬೇಲಿಯಲ್ಲಿ ಒಂದು ಗೂಟ ಬಿಟ್ಟು ಒಂದು ಗೂಟ ಕಿತ್ತೆ. ಜಾಲಿಯ ಗೂಟ ಮೇಲೆ ಒದ್ದೆಯಾಗಿದ್ದರೂ ಸೀಳಿದರೆ ಒಳಗೆ ಒಣಗಿರುತ್ತದೆ. ಉಳಿದ ಗೂಟಗಳು ಬೇಲಿಯನ್ನು ಹಿಡಿದುಕೊಂಡಿರುತ್ತವೆ, ಗಾಡಿ ಬಂದ ಕೂಡಲೇ ಹೊಸ ಗೂಟ ಹೂಳಿದರಾಯಿತು ಎಂದುಕೊಂಡೆ. ಒಲೆ ಉರಿಯಿತು. ಗೂಡೆಲ್ಲ ನೂಲಾಯಿತು. ಬೇರೆಯವರ ಮನೆಗಳಲ್ಲಿ ಚಿಟ್ಟೆ ಹಾರಾಡುತ್ತಿದ್ದಾಗ ನಾನು ಬೀಗುತ್ತಿದ್ದೆ.

ಮಳೆ ನಿಂತಿತು. ನೆನೆದ ಮಣ್ಣಿನಲ್ಲಿ ಉಳಿದ ಗೂಟಗಳು ಮುಳ್ಳಿನ ಭಾರ ತಾಳದೆ ಮಲಗಿದವು. ಅದನ್ನು ನೋಡಲೂ ನಾನು ಹೋಗಿರಲಿಲ್ಲ. ಮಳೆಯಲ್ಲಿ ಕಟ್ಟಿಹಾಕಿದ್ದ ಮೇಕೆಗಳನ್ನು ಬೂಬಮ್ಮ ಬಿಸಿಲು ಬಂದ ಬೆಳಿಗ್ಗೆ ಓಣಿಗೆ ಬಿಟ್ಟರು. ಹಸಿದ ಮೇಕೆಗಳು. ಯಾರೋ ಕೂಗಿಕೊಂಡಾಗ ನಾನು ಓಡಿದೆ. ಕಹಿಯೆಂದು ಮೇಕೆ ಮೂಸದ ಹೊಂಗೆಯ ತುದಿಯನ್ನೂ ಅವು ಬಿಟ್ಟಿರಲಿಲ್ಲ. ಎದೆಮಟ್ಟದ ಹಸಿರು ಹೋಗಿ, ತೊಗಟೆ ಸುಲಿದ ಬರಿಯ ಕಡ್ಡಿಗಳು ನಿಂತಿದ್ದವು.

ಅಂದು ಸಂಜೆಯ ಬಸ್ಸಿಗೇ ಅಕ್ಕ ಬಂದಳು. ಕಂಕುಳಲ್ಲಿ ಹೊಸ ಗಿಡಗಳ ಬುಟ್ಟಿ. ಸುದ್ದಿ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಿತ್ತು. ಹಳ್ಳದ ಅಂಚಿನಲ್ಲಿ ಬೀದಿಯೇ ಸೇರಿತ್ತು. ಮಳೆಗೆ ಬೇಲಿ ಬಿತ್ತು, ಮೇಕೆ ನುಗ್ಗಿದವು ಎಂದು ಜನ ಹೇಳಿದರು. ಅಕ್ಕ ಬೂಬಮ್ಮನ ಕಡೆ ತಿರುಗಿದಳು. ಅವಳ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ.

"ನೀರು ಹೊತ್ತಿದ್ದು ಇದಕ್ಕೇನಾ ಬೂಬಮ್ಮಾ? ನಿಮ್ಮ ಮೇಕೆ ಹೊಟ್ಟೆ ತುಂಬ್ಸೋಕಾ? ನಗ್ತಾ ನಗ್ತಾ ಹೇಳಿದ್ದು ನಿಜ ಮಾಡಿದ್ರಲ್ಲ!"

ಬೂಬಮ್ಮ ಬಗ್ಗಿ, ತೊಗಟೆ ಸುಲಿದ ಒಂದು ಕಡ್ಡಿಯನ್ನು ಮುಟ್ಟಿ ನೋಡಿದರು. "ಬಿಟ್ಟಿದ್ದು ನಂದೇ ತಪ್ಪು ಬೇಟಿ. ಆದ್ರೆ ನನ್ನ ಮೇಕೆ ಬೇಲಿ ಗೂಟ ತಿನ್ನಲ್ಲ" ಎಂದರು. ಎಂದವರು ಯಾರ ಮುಖವನ್ನೂ ನೋಡಲಿಲ್ಲ. ನಾನು ಅಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ. ಅಕ್ಕ ಆ ಮಾತನ್ನು ಕಿವಿಗೆ ಹಾಕಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಮುಂದಿನ ಸಂತೆಗೆ ಬೂಬಮ್ಮ ತಮ್ಮ ಮೇಕೆಗಳನ್ನೆಲ್ಲ ಚಿಂತಾಮಣಿಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟರು. ಮೊಮ್ಮಗುವಿಗೆ ಹಾಲು ಕೊಡುತ್ತಿದ್ದ ಮೇಕೆಯನ್ನೂ ಉಳಿಸಿಕೊಳ್ಳಲಿಲ್ಲ. ಆಗಲೂ ನಾನು ಸುಮ್ಮನಿದ್ದೆ. ಗೂಟ ಕಿತ್ತದ್ದು ಆತುರ, ಅದಕ್ಕೆ ಕ್ಷಮೆಯಿದ್ದೀತು. ಈ ಸುಮ್ಮನಿದ್ದದ್ದಕ್ಕೆ ನಾನು ಇಂದಿಗೂ ಹೆಸರಿಟ್ಟಿಲ್ಲ.

ಅಕ್ಕ ಎರಡು ದಿನ ಹಳ್ಳದ ಕಡೆ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕುಡುಗೋಲು ಹಿಡಿದು ಹೊರಟವಳು, ಉಳಿದಿದ್ದ ಕಡ್ಡಿಗಳನ್ನೂ ನೆಲಕ್ಕೆ ಸಮನಾಗಿ ಕೊಯ್ಯತೊಡಗಿದಳು. ಅವಳಿಗೆ ತಲೆ ಕೆಟ್ಟಿತೆಂದು ನಾನು ಓಡಿಹೋಗಿ ಕೈ ಹಿಡಿದೆ.

"ಬಿಡೋ ಕೈನ. ಹಿಪ್ಪುನೇರಳೆ ತೋಟದಾಗೆ ಏನು ಮಾಡ್ತಾರೆ? ಬುಡಕ್ಕೆ ಕೊಯ್ದು ಕೊಯ್ದು ಹೊಸ ಸೊಪ್ಪು ತೆಗೀತಾರಲ್ಲ?"

"ಅದು ಹಿಪ್ಪುನೇರಳೆ ಅಕ್ಕಾ. ಇದು ಕಾಡುಗಿಡ."

"ಕಾಡುಗಿಡಕ್ಕೆ ಬೇರು ಇರಲ್ವಾ? ಮೇಲಿಂದು ಮೇಕೆ ತಿಂದ್ವು, ಕೆಳಗಿಂದು ತಿಂದಿಲ್ಲ."

ರೇಷ್ಮೆಹುಳುವಿನ ಸೊಪ್ಪಿನ ತೋಟಕ್ಕೆ ಮಾಡುವುದನ್ನು ಕಾಡಿನ ಗಿಡಕ್ಕೆ ಮಾಡಿದವರು ನಮ್ಮ ಕಡೆ ಯಾರೂ ಇರಲಿಲ್ಲ. ಮೆಂಬರ ಜಗಲಿಯಲ್ಲಿ ನಗು ಎದ್ದಿತು. ಗೋಡೌನಿಗೆ ಪಾಯ ತೆಗೆಯುವ ಕೆಲಸ ಆ ಹೆಣ್ಣುಮಗಳೇ ಮಾಡಿಕೊಡುತ್ತಿದ್ದಾಳೆ ಅಂದರಂತೆ. ನಾನು ಊರಿನ ಹೊರಗೆ ಜಾಲಿ ಕಡಿದು ತಂದು, ಮೊದಲಿಗಿಂತ ದಪ್ಪದ ಗೂಟ ಹೂತು, ಎರಡು ಸುತ್ತು ಬೇಲಿ ಕಟ್ಟಿದೆ. ಜನ ನನ್ನನ್ನು ಹೊಗಳಿದರು. ಮುಳ್ಳು ಚುಚ್ಚಿದ ಕಡೆಯೆಲ್ಲ ಆ ಹೊಗಳಿಕೆಯೂ ಚುಚ್ಚುತ್ತಿತ್ತು.

ಬೂಬಮ್ಮ ನೀರು ಹೊರಲು ಬರುವುದನ್ನು ನಿಲ್ಲಿಸಿದ್ದರು. ಅಕ್ಕ ಒಬ್ಬಳೇ ಹೊರುತ್ತಿದ್ದಳು.

ಚಳಿಗಾಲ ಕಳೆಯುವ ಹೊತ್ತಿಗೆ ಮೊದಲು ಹೊಂಗೆ ಕಣ್ಣುಬಿಟ್ಟಿತು, ಹಿಂದೆಯೇ ನೇರಳೆ. ಒಂದೊಂದು ಬುಡದಿಂದ ಮೂರು, ನಾಲ್ಕು ಚಿಗುರು ಎದ್ದವು. ಕೆಳಗೆ ಬೇರು ಆಗಲೇ ಆಳಕ್ಕಿಳಿದಿತ್ತು. ವರ್ಷಗಟ್ಟಲೆ ಬಿದ್ದ ಹುಳುವಿನ ಸಾರ ಮಣ್ಣಿನಲ್ಲಿತ್ತು. ಮುಂದಿನ ಮಳೆಗಾಲದಲ್ಲಿ ಅವು ಬೆಳೆದದ್ದು ನೋಡಬೇಕಿತ್ತು! ಒಂದು ಗಿಡವಿದ್ದಲ್ಲಿ ನಾಲ್ಕು ಗಿಡದ ಹರವು. ಹಳ್ಳದ ಮೇಲೆ ಹಸಿರು ಮುಚ್ಚಳ ಹಾಕಿದಂತಾಯಿತು. ಗಬ್ಬು ವಾಸನೆ ಯಾವಾಗ ಹೋಯಿತೋ ಯಾರಿಗೂ ಗೊತ್ತಾಗಲಿಲ್ಲ. ನಾವು ಹೆಸರೇ ಅರಿಯದ ಹಕ್ಕಿಗಳು ಬಂದು ಚರಕದ ಸದ್ದಿಗೆ ಪೈಪೋಟಿ ಕೊಟ್ಟವು.

ನಾಲ್ಕನೇ ಯುಗಾದಿ ಬಂತು. ಹೋಳಿಗೆ ಊಟಕ್ಕೂ ಕೂರದೆ ಬೀದಿಯ ಹೆಂಗಸರೆಲ್ಲ ಹಳ್ಳದ ಅಂಚಿಗೆ ಬಂದರು. ಮೆಂಬರು ಮಾತಿನಂತೆ ಮಟಮಟ ಮಧ್ಯಾಹ್ನವೇ ಬಂದರು. ಬಗ್ಗಿ ಕೊಂಬೆಗಳನ್ನು ಸರಿಸಿಕೊಂಡು ನಡುವಿಗೆ ಹೋಗಿ ಪೇಟ ತೆಗೆದರು. ನಾವು ಅವರ ತಲೆಯನ್ನೇ ನೋಡಿದೆವು. ಗಾಳಿ ಬೀಸಿ ಒಂದು ಬಿಸಿಲ ಚುಕ್ಕೆ ನೆತ್ತಿಯ ಮೇಲೆ ಬಿತ್ತು.

"ಬಿತ್ತಲ್ಲಮ್ಮಾ!" ಎಂದರು ಮೆಂಬರು.

"ಅದು ಬಿಸಿಲಲ್ಲಪ್ಪಾ, ಬೇವುಬೆಲ್ಲ. ಯುಗಾದಿ ದಿನ ಒಂದು ಚೂರು ತಗೋಬೇಕು" ಎಂದಳು ಅಕ್ಕ.

ಮೆಂಬರು ಬಿದ್ದು ಬಿದ್ದು ನಕ್ಕರು. ಗಾಳಿ ನಿಂತಿತು, ಚುಕ್ಕೆ ಮಾಯವಾಯಿತು. ಅವರು ಅಲ್ಲೇ ಟವೆಲ್ ಹಾಸಿ ಕೂತು, "ಗೋಡೌನು ಬೇರೆ ಕಡೆ ನೋಡ್ಕೋತೀನಿ. ಇದು ನಿಮ್ದೇ" ಎಂದರು. ಹೆಂಗಸರ ಕೂಗು ಬಸ್ ಸ್ಟ್ಯಾಂಡಿಗೆ ಕೇಳಿಸಿತೆಂದು ಭಾವ ಹೇಳಿದರು. ಅಂದೇ ಮಧ್ಯಾಹ್ನ ಜೋಲಿಗಳು ಚರಕದ ಮನೆಯ ತೊಲೆ ಬಿಟ್ಟು ಬಾಗೆಯ ಕೊಂಬೆಗೆ ಬಂದವು. ಮೆಂಬರು ಹೋಗುವಾಗ ನನ್ನ ಬೆನ್ನು ತಟ್ಟಿ, "ಇಂಥ ತಮ್ಮ ಬೇಲಿ ಕಾದ್ರೆ ಯಾವ ಗಿಡ ತಾನೇ ಬದುಕಲ್ಲ!" ಎಂದು ಎಲ್ಲರ ಮುಂದೆ ಹೇಳಿದರು. ಬೂಬಮ್ಮ ಓಣಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ತಲೆತಗ್ಗಿಸಿದೆ. ಅದನ್ನೂ ಜನ ವಿನಯವೆಂದುಕೊಂಡರು.

ಆ ವರ್ಷ ಚಿಂತಾಮಣಿಯಿಂದ ಕೆಲವರು ಬಂದರು. ಸಂತೆ ಮೈದಾನದ ಪಕ್ಕದ ಪಾಳು ಜಾಗದಲ್ಲಿ ಇಂಥದೇ ತೋಪು ಮಾಡಬೇಕು, ಗಿಡ ಕೊಡಿ ಎಂದರು. ಚಿಕ್ಕಬಳ್ಳಾಪುರದಿಂದಲೂ ಕೇಳಿಕೆ ಬಂತು. ಯಾವ ಬಸ್ಸಿನಲ್ಲಿ ಗಿಡ ಬಂದಿದ್ದವೋ ಅದೇ ಬಸ್ಸಿನಲ್ಲಿ ಅವುಗಳ ಮರಿಗಳು ಹೊರಟವು. ಅಕ್ಕ ಚಿಂತಾಮಣಿಯವರಿಗೆ ಹೇಳಿದಳು: "ಗಿಡ ಕೊಟ್ರೆ ಸಾಲ್ದು, ಸಂತೆ ಮೇಕೆಗಳವೆ. ನನ್ನ ತಮ್ಮನ್ನ ಕಳಿಸ್ತೀನಿ. ಅವನು ಕಟ್ಟಿದ ಬೇಲಿ ಅಂದ್ರೆ ನಾನು ಕಣ್ಮುಚ್ಚಿ ನಂಬ್ತೀನಿ."

ಅಷ್ಟು ದಿನ ಹೊಗಳಿಕೆಯನ್ನು ಹೇಗೋ ನುಂಗಿದ್ದೆ. ಈ ಕಣ್ಮುಚ್ಚಿ ಎಂಬ ಮಾತನ್ನು ನುಂಗಲಾಗಲಿಲ್ಲ. ಅವರು ಹೋದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಒಂದು ಬಿಟ್ಟು ಒಂದು ಕಿತ್ತದ್ದು, ಸೀಳಿ ಒಲೆಗಿಟ್ಟದ್ದು, ಹಳ್ಳದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಿದ್ದದ್ದು.

ಅಕ್ಕ ಮುದ್ದೆ ಕಟ್ಟುತ್ತಿದ್ದಳು. ಕೈಯಲ್ಲಿದ್ದ ಮುದ್ದೆ ಹಾಗೇ ಇತ್ತು. ಬೈಯುತ್ತಾಳೆ, ಸೌದೆ ಎತ್ತುತ್ತಾಳೆ ಎಂದು ಕಾದೆ. ಅವಳು ಕೈ ತೊಳೆದು, ಸೆರಗು ಸರಿಮಾಡಿಕೊಂಡು, ನನ್ನನ್ನು ದಾಟಿ ಹೊರಗೆ ಹೋದಳು. ಹಿಂದೆಯೇ ನಾನೂ ಹೋದೆ. ಅವಳು ನೇರ ಓಣಿಗೆ ಹೋಗಿ ಬೂಬಮ್ಮನ ಹೊಸ್ತಿಲಲ್ಲಿ ಕೂತಳು. ಅವರ ಎರಡೂ ಕೈ ಹಿಡಿದು ಅತ್ತಳು. ನನ್ನ ಬಾಯಿಯ ಬೀಗ ಅಕ್ಕನ ಬಾಯಿಂದ ಅನ್ಯಾಯದ ಮಾತು ಆಡಿಸಿತ್ತು. ನನ್ನ ಪಾಪಕ್ಕೆ ಅವಳು ಕ್ಷಮೆ ಕೇಳುವುದನ್ನು ನಾನು ನಿಂತು ನೋಡಬೇಕಾಯಿತು. ಅದಕ್ಕಿಂತ ಸೌದೆಯ ಏಟೇ ವಾಸಿಯಿತ್ತು.

"ನಿಮಗೆ ಗೊತ್ತಿತ್ತಾ?" ಎಂದು ಅಕ್ಕ ಕೇಳಿದಳು.

"ಆ ಮಳೇಲಿ ಬೀದಿ ಎಲ್ಲಾ ಒಲೆ ಆರೋಗಿತ್ತು. ನಿಮ್ಮ ಮನೆದೊಂದೇ ಹೊಗೆ. ನಾನೇನು ಕುರುಡೀನಾ ಬೇಟಿ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅಕ್ಕ ತಮ್ಮನ ಮಧ್ಯೆ ನಾನು ಬೆಂಕಿ ಹಾಕ್ಲಾ? ಅವನೇ ಹೇಳ್ಲಿ ಅಂತ ಕಾದೆ. ಬಹಳ ಕಾಯ್ಸಿದ" ಎಂದ ಬೂಬಮ್ಮ ನನ್ನ ಕಡೆ ತಿರುಗಿದರು. "ಏನೋ ಕಳ್ಳಾ, ಒಳಗೆ ಬಾ. ಬಾಗಿಲಲ್ಲಿ ಗೂಟದ ಹಾಗೆ ನಿಂತಿದೀಯ."

ಅಕ್ಕ ನಗಲಿಲ್ಲ. ನನ್ನ ಜೊತೆ ಹಲವು ದಿನ ಮಾತಾಡಲಿಲ್ಲ. ಮಾತಾಡಿದಾಗ ಅದು ತೀರ್ಪಾಗಿತ್ತು: ಚಿಂತಾಮಣಿಯ ಬೇಲಿಯನ್ನು ನಾನೇ ಕಟ್ಟಬೇಕು. ಸರಿಯಾಗಿದೆಯೋ ಇಲ್ಲವೋ ಹೇಳುವವರು ಬೂಬಮ್ಮ.

ಸಂತೆಯ ಹಿಂದಿನ ದಿನಗಳೆಲ್ಲ ನಾನು ಅಲ್ಲೇ ಉಳಿದು ಗೂಟ ಹೂತೆ. ಒಂದನ್ನೂ ಬಿಡಲಿಲ್ಲ. ಸಂತೆಯ ದಿನ ಭಾವನ ಬಸ್ಸಿನಲ್ಲಿ ಅಕ್ಕನೂ ಬೂಬಮ್ಮನೂ ಬಂದಿಳಿದರು. ಬೇಲಿಯನ್ನು ಕೈಯಿಂದ ಮುಟ್ಟಿಯೂ ನೋಡದೆ ಬೂಬಮ್ಮ ನೇರ ಮೇಕೆ ವ್ಯಾಪಾರಿಗಳ ಕಡೆ ಹೋದರು. ಹಾಲು ಕೊಡುವ ಒಂದು ಕರಿ ಮೇಕೆಯನ್ನು ಆರಿಸಿದರು. ನಾನು ಸೊಂಟದ ಚೀಲಕ್ಕೆ ಕೈ ಹಾಕಿದೆ, ಅವರು ಬೇಡವೆನ್ನಲಿಲ್ಲ. ಮೇಕೆಯನ್ನು ಎಳೆದುಕೊಂಡು ಬಂದು ಬೇಲಿಯ ಪಕ್ಕ ಹಗ್ಗ ಬಿಟ್ಟುಬಿಟ್ಟರು.

"ಹೋಗಮ್ಮಾ, ನೋಡು. ಒಂದು ಸಂದಿ ಸಿಕ್ಕಿದ್ರೂ ಇವನ್ನ ಬಿಡ್ಬೇಡ" ಎಂದರು.

ಸಂತೆಯ ಜನ ಸುತ್ತ ಸೇರಿದರು. ಒಳಗೆ ನಮ್ಮ ತೋಪಿನ ಎಳೆಗಿಡಗಳು ಹೊಸ ಎಲೆ ಬಿಟ್ಟು ನಿಂತಿದ್ದವು. ಮೇಕೆ ಮೂಗು ಚಾಚಿತು, ಮುಳ್ಳು ತಾಗಿ ಹಿಂದೆ ಸರಿಯಿತು. ಮುಂಗಾಲೆತ್ತಿ ಗೂಟಕ್ಕೆ ಒರಗಿತು. ಗೂಟ ಅಲುಗಲಿಲ್ಲ. ಬೇಲಿಯ ಉದ್ದಕ್ಕೂ ಸಂದಿ ಹುಡುಕುತ್ತ ಹೊರಟಿತು, ಹಿಂದೆ ಬೂಬಮ್ಮ, ಅವರ ಹಿಂದೆ ಅಕ್ಕ, ಎಲ್ಲರ ಹಿಂದೆ ನಾನು. ಸುತ್ತು ಪೂರ್ತಿಯಾಯಿತು. ಮೇಕೆ ನಿಂತು, ತಲೆಯೆತ್ತಿ, ಸಂತೆಯೆಲ್ಲ ಕೇಳುವ ಹಾಗೆ ಅರಚಿತು.

"ಪಾಸು!" ಎಂದರು ಬೂಬಮ್ಮ.

ಅಕ್ಕ ನಕ್ಕಳು.